ಅಬ್ಲೇಷನ್ ಆಗಿ ಐದು ತಿಂಗಳಿಗೆ ಮತ್ತೆ ಬಡಿತ ಏರುತ್ತಿದೆ, ಎರಡನೇ ಸಲ ಮಾಡಿಸಬೇಕಾ?

ಅಪ್ಪನಿಗೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆ ತಾಳ ತಪ್ಪಿ ಅದುರುವ ತೊಂದರೆ) ಇತ್ತು, ಅಬ್ಲೇಷನ್ (ಹೃದಯದೊಳಗೆ ವೈರು ಬಿಟ್ಟು ತೊಂದರೆ ಕೊಡುವ ಜಾಗ ಸುಡುವುದು) ಆಯಿತು. ಈಗ ಮತ್ತೆ ಬಡಿತ ಏರುತ್ತಿದೆ. ಆದರೆ ಹಿಂದಿನ ಹಾಗೆ ತಾಳ ತಪ್ಪುತ್ತಿಲ್ಲ, ಒಂದೇ ಸಮನೆ 150. ಮ್ಯಾಪಿಂಗ್ ಮಾಡಿ, ಅಂದರೆ ಹೃದಯದೊಳಗೆ ಕರೆಂಟು ಓಡುವ ದಾರಿಯ ನಕ್ಷೆ ತೆಗೆದು, ಇನ್ನೊಮ್ಮೆ ಸುಡಬೇಕು ಅಂತಾರೆ ಡಾಕ್ಟರ್. ಮೊದಲನೆಯದು ಕೆಟ್ಟಿತಾ? ಮಾಡಿಸಿಕೊಂಡವರು ಹೇಳಿ.

*

ನನಗೆ ಎರಡು ಸಲ ಆಗಿದೆ. 'ಒಂದೇ ಸಮನೆ 150' ಅಂದಿರಲ್ಲ, ಅದನ್ನ ಡಾಕ್ಟರಿಗೆ ಮರೆಯದೆ ಹೇಳಿ. ಫಿಬ್ರಿಲೇಷನ್‌ನಲ್ಲಿ ಬಡಿತಕ್ಕೆ ಲೆಕ್ಕವೇ ಇರುವುದಿಲ್ಲ. ಫ್ಲಟರ್ ಬೇರೆ. ಅದರಲ್ಲಿ ಬಡಿತ ನಡೆಸುವ ಕರೆಂಟು ಹೃದಯದ ಮೇಲಿನ ಕೋಣೆಯಲ್ಲಿ ಗಾಣದ ಎತ್ತಿನ ಹಾಗೆ ಒಂದೇ ದಾರಿ ಹಿಡಿದು ಸುತ್ತುತ್ತದೆ, ನಿಮಿಷಕ್ಕೆ ಸುಮಾರು 300 ಸುತ್ತು, ಅದರಲ್ಲಿ ಎರಡಕ್ಕೊಂದು ಕೆಳಗಿನ ಕೋಣೆಗೆ ಇಳಿದರೆ ನಾಡಿ 150. ಅಪ್ಪನದೂ ಅದೇ ಅಂತ ನಾನು ಹೇಳಲಾರೆ, ಇಸಿಜಿ ಹೇಳಬೇಕು. ಬಡಿತ ಏರಿರುವಾಗಲೇ ತೆಗೆಸಿ. ಇಳಿದ ಮೇಲೆ ತೆಗೆದರೆ ಏನೂ ಸಿಗುವುದಿಲ್ಲ.

ನನಗೆ ಎರಡನೇ ಸಲ ಪೂರ್ತಿ ಮತ್ತು ಬರಿಸಿರಲಿಲ್ಲ. ತೊಡೆಸಂದಿನ ರಕ್ತನಾಳದಿಂದ ವೈರು ಒಳಗೆ ಹೋಗಿತ್ತು. ಪರದೆಯ ಮೇಲೆ ಮೇಲಿನ ಕೋಣೆಯ ಚಿತ್ರ ಚುಕ್ಕೆ ಚುಕ್ಕೆಯಾಗಿ ತುಂಬಿಕೊಳ್ಳುತ್ತಿತ್ತು. ಕರೆಂಟು ಮೊದಲು ಮುಟ್ಟುವ ಕಡೆ ಕೆಂಪು, ಕೊನೆಗೆ ಮುಟ್ಟುವ ಕಡೆ ನೇರಳೆ. ಆ ಸುತ್ತಿನ ದಾರಿ ಎಲ್ಲಿ ಇಕ್ಕಟ್ಟಾಗಿದೆ ಅಂತ ಹುಡುಕಿ, ಅಲ್ಲಿ ಅಡ್ಡಲಾಗಿ ಸುಟ್ಟರು. ಎದೆಯಲ್ಲಿ ಸ್ವಲ್ಪ ಉರಿ. ಟಕ್ಕನೆ ಬಡಿತ ನಿಂತಿತು, ಒಂದು ಕ್ಷಣ ಏನೂ ಇಲ್ಲ, ಆಮೇಲೆ ನಿಧಾನಕ್ಕೆ ಎಪ್ಪತ್ತು. ನನಗೆ ಅಳು ಬಂತು.

*

ನಾನು ಕ್ಯಾಥ್ ಲ್ಯಾಬ್‌ನಲ್ಲಿ (ವೈರು ಬಿಟ್ಟು ಹೃದಯದ ಚಿಕಿತ್ಸೆ ಮಾಡುವ ಕೋಣೆ) ಟೆಕ್ನೀಷಿಯನ್. ಕೆಟ್ಟಿತು ಅಂದುಕೊಳ್ಳಬೇಡಿ. ಮೊದಲ ಸಲ ಸಾಮಾನ್ಯವಾಗಿ ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಿ ಸುತ್ತ ಸುಟ್ಟು ಬೇಲಿ ಹಾಕುತ್ತಾರೆ, ಯಾಕೆಂದರೆ ಫಿಬ್ರಿಲೇಷನ್ ಶುರು ಮಾಡುವ ಕಿಡಿ ಜಾಸ್ತಿ ಅಲ್ಲಿಂದಲೇ ಬರುತ್ತದೆ, 1998ರಲ್ಲಿ ಫ್ರಾನ್ಸಿನ ಬೋರ್ಡೋ ತಂಡ ತೋರಿಸಿಕೊಟ್ಟದ್ದು ಇದನ್ನೇ. ಗಾಯ ಮಾಗುವಾಗ ಆ ಬೇಲಿಯಲ್ಲಿ ಒಂದು ಸಂದು ಉಳಿದರೂ ಸಾಕು, ಕರೆಂಟು ನುಸುಳುತ್ತದೆ. ಎರಡನೇ ಸಲ ಮೊದಲು ಆ ಸಂದನ್ನೇ ಹುಡುಕುತ್ತೇವೆ. ಮೊದಲ ಎರಡು ಮೂರು ತಿಂಗಳಲ್ಲಿ ಬಡಿತ ಏರಿದರೆ ಊತ ಇಳಿಯಲಿ ಅಂತ ಕಾಯುವುದುಂಟು. ನಿಮ್ಮದು ಐದು ತಿಂಗಳು ಅಲ್ವಾ, ಸುಮ್ನೆ ಕಾಯಬೇಡಿ.

ಬಡಿತ ಹತೋಟಿಯ ಕೆಲವು ಮಾತ್ರೆ ಮುಂಚೆ ನಿಲ್ಲಿಸಲು ಹೇಳಬಹುದು, ಮಾತ್ರೆ ಅದುಮಿಟ್ಟಿದ್ದರೆ ಬಡಿತ ಏಳಿಸಿ ಮ್ಯಾಪ್ ಮಾಡುವುದು ಕಷ್ಟ. ಆದರೆ ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ನೀವಾಗಿ ಒಂದು ದಿನವೂ ಬಿಡಬೇಡಿ.

*

ನಮ್ಮ ಯಜಮಾನರಿಗೆ ಆಗಿತ್ತು. ಆದಮೇಲೆ ಕೆಲವು ಗಂಟೆ ಕಾಲು ಮಡಚದೆ ಮಲಗಬೇಕು, ಬೆನ್ನು ನೋಯುತ್ತದೆ. ಗೊರಕೆ ಜಾಸ್ತಿ ಇದ್ದರೆ ನಿದ್ರೆಯ ಟೆಸ್ಟ್ ಮಾಡಿಸಿ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಹಾಗೇ ಉಳಿದರೆ ಇದು ಮರಳಿ ಬರುವ ಸಾಧ್ಯತೆ ಹೆಚ್ಚು. ಇನ್ನೊಂದು, ಅಪರೂಪ ಆದರೂ ಹೇಳಲೇಬೇಕು: ಮುಂದಿನ ಒಂದೆರಡು ತಿಂಗಳಲ್ಲಿ ಜ್ವರ, ನುಂಗುವಾಗ ನೋವು, ಮಾತು ತೊದಲುವುದು, ಇವು ಯಾವುದೇ ಬಂದರೂ ತಕ್ಷಣ ಆಸ್ಪತ್ರೆಗೆ ಓಡಿ, ಬಾಗಿಲಲ್ಲೇ ಅಬ್ಲೇಷನ್ ಆಗಿದೆ ಅಂತ ಹೇಳಿ. ಅನ್ನನಾಳ ಹೃದಯದ ಬೆನ್ನಿಗೇ ಇದೆ, ಸುಟ್ಟ ಬಿಸಿ ಅದಕ್ಕೂ ತಾಗಿರಬಹುದು.

ಮತ್ತೆ ಮೊದಲ ಸಲದ ಪೂರ್ತಿ ರಿಪೋರ್ಟ್ ತೆಗೆದುಕೊಂಡು ಹೋಗಿ. ಎಲ್ಲೆಲ್ಲಿ ಸುಟ್ಟಿದ್ದಾರೆ ಅಂತ ಅದರಲ್ಲಿ ಇರುತ್ತದೆ.