‘ಸೀಮಿತ ಆವೃತ್ತಿ’ ಅಂದರೆ ಸರಿಹೋಗುತ್ತಾ?

ಎಲ್ಲರಿಗೂ ನಮಸ್ಕಾರ.

ಹಳೆಗಾಲದ ಕಾರು, ರೈಲು, ಹಡಗುಗಳನ್ನು ನೆನಪಿಸುವ ಒಂದಷ್ಟು ಸ್ಕ್ರೀನ್ ಪ್ರಿಂಟ್‌ಗಳಿಗೆ ಕನ್ನಡದಲ್ಲಿ ಪರಿಚಯ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಲಿಮಿಟೆಡ್ ಎಡಿಷನ್’ಗೆ ‘ಸೀಮಿತ ಆವೃತ್ತಿ’ ಅಂತ ಬರೆದಿದ್ದೆ. ಓದಿದ ಗೆಳೆಯರೊಬ್ಬರು, “ಎರಡನೇ ಆವೃತ್ತಿ ಯಾವಾಗ ಬರುತ್ತೆ?” ಅಂತ ಕೇಳಿದರು. ತಮಾಷೆಗಲ್ಲ, ನಿಜವಾಗಿಯೂ.

ಅವರದೇನೂ ತಪ್ಪಿಲ್ಲ. ಪುಸ್ತಕಗಳಲ್ಲಿ ‘ಮೂರನೇ ಆವೃತ್ತಿ’ ಅಂತ ನೋಡಿ ನೋಡಿ, ಆ ಪದ ಕೇಳಿದರೆ ನಮಗೆ ಮತ್ತೆ ಅಚ್ಚಾಗುವುದೇ ನೆನಪಾಗುತ್ತದೆ. ಪದದ ಹುಟ್ಟಿನಲ್ಲೇ ಸುತ್ತಿ ಬರುವ ಅರ್ಥವಿದೆ. ‘ಪುನರಾವೃತ್ತಿ’ ನೋಡಿ. ಇಲ್ಲಿ ವಿಷಯ ಪೂರ್ತಿ ಉಲ್ಟಾ. ನೂರು ಹಾಳೆ ಅಂದರೆ ನೂರೇ, ಮತ್ತೆ ಅಚ್ಚು ಹಾಕುವುದಿಲ್ಲ.

ಕೆಲಸ ಹೇಗೆ ನಡೆಯುತ್ತೆ ಅಂತ ಹೇಳಿದರೆ ಪದ ಹುಡುಕುವುದು ಸುಲಭವಾಗಬಹುದು. ಚೌಕಟ್ಟಿಗೆ ಬಿಗಿದ ನಯವಾದ ಜಾಲರಿ. ಬಣ್ಣ ಇಳಿಯಬಾರದ ಕಡೆ ಅದರ ಕಣ್ಣುಗಳನ್ನು ಮುಚ್ಚಿರುತ್ತಾರೆ. ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಒಂದೇ ಸಮ ಎಳೆದರೆ, ತೆರೆದ ಕಣ್ಣುಗಳಿಂದ ಬಣ್ಣ ಕಾಗದಕ್ಕೆ ಇಳಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿ. ನನ್ನ ಮುಂದಿರುವ ಚಿತ್ರದಲ್ಲಿ ಕಾರಿನ ಮೈ ಕೆಂಪು, ನೆರಳು ಕಡುನೀಲಿ. ಹೊಳೆಯುವ ಬಂಪರ್‌ಗೆ ಬಣ್ಣವೇ ಇಲ್ಲ, ಬರೀ ಕಾಗದದ ಬಿಳಿ! ಹಿಂದಿನ ಚಕ್ರದ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಉಳಿದಿದೆ. ಎರಡನೇ ಜಾಲರಿ ಚೂರು ಸರಿದಿರಬೇಕು. ಕೆಳಗೆ ಪೆನ್ಸಿಲ್‌ನಲ್ಲಿ 37/100. ನೂರರಲ್ಲಿ ಮೂವತ್ತೇಳನೆಯದು ಅಂತ. ಹಾಗಾಗಿ ‘ನಕಲು’ ಅನ್ನಲು ಮನಸ್ಸಿಲ್ಲ. ನೂರೂ ಅಸಲಿಯೇ.

‘ಎಣಿಕೆಯ ಅಚ್ಚು’ ಅಂದರೆ ಹೇಗೆ? ಎಣಿಸಿ ಹಾಕಿದ್ದು ಅಂತಲೂ ಆಯಿತು, ಜಾಸ್ತಿ ಇಲ್ಲ ಅಂತಲೂ ಆಯಿತು. ಗಾಡಿಯ ಇರಚಿಗೂ, ಅಂದರೆ ಚಕ್ರಗಳನ್ನು ಕೂಡಿಸುವ ಅಡ್ಡಕಂಬಿಗೂ, ‘ಅಚ್ಚು’ ಅನ್ನುತ್ತೇವಲ್ಲ, ಕಾರಿನ ಚಿತ್ರಕ್ಕೆ ಅದು ಸುಮ್ನೆ ಸಿಕ್ಕ ಲಾಭ.

ಸ್ಕ್ರೀನ್ ಪ್ರಿಂಟ್ ಅನ್ನು ಹಾಗೇ ಬಿಡೋಣ ಅಂತಿದ್ದೇನೆ. ‘ಪರದೆ ಅಚ್ಚು’ ಅಂದರೆ ಕಿಟಕಿಯ ಪರದೆ ಕಣ್ಣಿಗೆ ಬರುತ್ತದೆ. ಆದರೂ ಆಸೆ ಹೋಗಿಲ್ಲ. ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುವ ಲಿಥೋಗ್ರಫಿಗೆ ‘ಕಲ್ಲಚ್ಚು’ ಅನ್ನುವ ಪದ ನಮ್ಮಲ್ಲಿ ಇದ್ದೇ ಇದೆ, ಅದರ ಜೊತೆಗೆ ‘ಜಾಲರಿಯಚ್ಚು’ ಯಾಕಿರಬಾರದು? ಅಂದಿನ ಪ್ರವಾಸದ ಪೋಸ್ಟರುಗಳು ಹೆಚ್ಚಾಗಿ ಕಲ್ಲಚ್ಚೇ. ಫ್ರಾನ್ಸಿನ ಪೋಸ್ಟರ್ ಕಲಾವಿದ ಕಸಾಂಡ್ರ್ 1927ರಲ್ಲಿ ಮಾಡಿದ ನಾರ್ ಎಕ್ಸ್‌ಪ್ರೆಸ್ ರೈಲಿನ ಪೋಸ್ಟರ್ ಕೂಡ. ಆ ಧಾಟಿಯಲ್ಲಿ ಈಗ ಮಾಡುವವರು ಜಾಲರಿ ಹಿಡಿದಿದ್ದಾರೆ. ಎರಡಕ್ಕೂ ಬೇರೆ ಬೇರೆ ಹೆಸರಿದ್ದರೆ ಬರೆಯುವವರಿಗೆ ಅನುಕೂಲ.

ಇನ್ನು ‘ವಿಂಟೇಜ್’. ‘ಹಳೇ ಕಾರು’ ಅಂದರೆ ಸೆಕೆಂಡ್ ಹ್ಯಾಂಡ್ ಅನ್ನಿಸುತ್ತದೆ. ‘ಪುರಾತನ ಕಾರು’ ಅಂದರೆ ಅಗೆದು ತೆಗೆದ ಹಾಗೆ. ಬ್ರಿಟನ್ನಿನಲ್ಲಿ 1919ರಿಂದ 1930ರವರೆಗಿನ ಕಾರುಗಳಿಗೆ ಮಾತ್ರ ‘ವಿಂಟೇಜ್’ ಅನ್ನುವ ರೂಢಿ. ‘ಕ್ಲಾಸಿಕ್’ಗೆ ಅಷ್ಟು ಬಿಗಿ ಇಲ್ಲ. ಅದಕ್ಕೇ ಕಾರಿಗೆ ‘ವಿಂಟೇಜ್’ ಉಳಿಸಿಕೊಂಡು, ಪ್ರವಾಸಕ್ಕೆ ‘ಹಳೆಗಾಲದ’ ಅಂತ ಹಾಕಿದ್ದೇನೆ. ಬರೀ ‘ಹಳೆಯ ಪ್ರವಾಸ’ ಅಂದರೆ ನಾನೇ ಯಾವಾಗಲೋ ಹೋಗಿ ಬಂದದ್ದು ಅನ್ನಿಸುತ್ತದೆ, ಅಲ್ವಾ?

‘ಎಣಿಕೆಯ ಅಚ್ಚು’ ನಿಮ್ಮ ಕಿವಿಗೆ ಹೇಗೆ ಕೇಳುತ್ತೆ? ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಆ ರಬ್ಬರ್ ಪಟ್ಟಿಗೆ ನೀವು ಏನನ್ನುತ್ತಿದ್ದಿರಿ ಅನ್ನುವುದನ್ನೂ ತಿಳಿಸಿ.