ಪದಚರ್ಚೆ: ಸ್ವಂತ ಜಮೀನಿನಲ್ಲಿ ಬೆಳೆಸುವ ‘ವುಡ್‌ಲ್ಯಾಂಡ್’ ಮತ್ತು ಅದಕ್ಕೆ ಸಿಗುವ ‘ಗ್ರಾಂಟ್’

ಮಾನ್ಯರೇ,

ಇಂಗ್ಲೆಂಡಿನ ಫಾರೆಸ್ಟ್ರಿ ಕಮಿಷನ್ 2021ರಲ್ಲಿ ಆರಂಭಿಸಿದ ‘ಇಂಗ್ಲೆಂಡ್ ವುಡ್‌ಲ್ಯಾಂಡ್ ಕ್ರಿಯೇಷನ್ ಆಫರ್’ ಎಂಬ ಯೋಜನೆಯನ್ನು ನಮ್ಮ ರೈತರಿಗೆ ಪರಿಚಯಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ಉಳುಮೆಯ ಅಥವಾ ಮೇವಿನ ಜಮೀನಿನಲ್ಲಿ ಹೊಸದಾಗಿ ಮರಗಳನ್ನು ಬೆಳೆಸಲು ಮುಂದಾಗುವವರಿಗೆ ಸರ್ಕಾರ ಹಣ ಕೊಡುವ ಯೋಜನೆ ಇದು. ಇದರ ಎರಡು ಮುಖ್ಯ ಪದಗಳಿಗೆ ಸರಿಯಾದ ಕನ್ನಡ ಯಾವುದೆಂದು ತಿಳಿದವರಲ್ಲಿ ಕೇಳುತ್ತಿದ್ದೇನೆ.

ಮೊದಲನೆಯದು ‘ವುಡ್‌ಲ್ಯಾಂಡ್’. ಅಲ್ಲಿನ ಲೆಕ್ಕದಲ್ಲಿ ಕನಿಷ್ಠ ಅರ್ಧ ಹೆಕ್ಟೇರ್ ವಿಸ್ತಾರ, 20 ಮೀಟರ್ ಅಗಲ ಇದ್ದು, ನೆಲದ ಶೇ. 20ರಷ್ಟನ್ನಾದರೂ ಮರಗಳ ನೆತ್ತಿ ಮುಚ್ಚಿದ್ದರೆ ಅಥವಾ ಮುಂದೆ ಮುಚ್ಚುವಂತಿದ್ದರೆ ಅದು ವುಡ್‌ಲ್ಯಾಂಡ್. ನಿಘಂಟು ನೋಡಿದವರು ಇದನ್ನು ‘ಅರಣ್ಯ’ ಎಂದು ಬರೆದುಬಿಡುತ್ತಾರೆ. ಆದರೆ ‘ಅರಣ್ಯ’ ಎಂಬುದು ಕರ್ನಾಟಕದ ರೈತನ ಕಿವಿಗೆ ಮರಗಳ ಹೆಸರಾಗಿ ಕೇಳಿಸುವುದಿಲ್ಲ, ಇಲಾಖೆಯ ಹೆಸರಾಗಿ ಕೇಳಿಸುತ್ತದೆ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದ ಪ್ರಕಾರ, ಒಡೆತನ ಯಾರದ್ದೇ ಆಗಿದ್ದರೂ, ನಿಘಂಟಿನ ಅರ್ಥದಲ್ಲಿ ಅರಣ್ಯವೆನಿಸುವ ನೆಲಕ್ಕೆ, ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಅರಣ್ಯವನ್ನು ಬೇರೆ ಬಳಕೆಗೆ ತಿರುಗಿಸದಂತೆ ತಡೆಯುವ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಒಂದು ಪದದ ಅರ್ಥವೇ ಜಮೀನಿನ ಹಣೆಬರಹವಾಗಬಲ್ಲ ಈ ನಾಡಿನಲ್ಲಿ, ‘ನಿಮ್ಮ ಹೊಲದಲ್ಲಿ ಅರಣ್ಯ ಮಾಡಿ’ ಎಂದರೆ ಕೇಳಿದವನು ಹಿಂಜರಿಯುವುದು ಸಹಜವೇ. ‘ಕೃಷಿ ಅರಣ್ಯ’ ಎಂಬ ಜೋಡುಪದಕ್ಕೆ ಮಾತ್ರ ಆ ಭಯ ಅಂಟಿಲ್ಲ, ಮುಂದೆ ನಿಂತ ‘ಕೃಷಿ’ಯೇ ಅದಕ್ಕೆ ರಕ್ಷೆ. ಆದರೆ ಅದರ ಅರ್ಥ ಬೆಳೆಯ ಜೊತೆಗೆ ಅಥವಾ ಬದುವಿನ ಮೇಲೆ ಮರ ಬೆಳೆಸುವುದು; ಹೊಲವನ್ನೇ ಕಾಡಿಗೆ ಬಿಟ್ಟುಕೊಡುವುದಲ್ಲ.

ಅರಣ್ಯ ಇಲಾಖೆಯವರು ಬಳಸುವ ‘ನೆಡುತೋಪು’ ಒಳ್ಳೆಯ ಕನ್ನಡ ಪದ. ಆದರೆ ಈ ಯೋಜನೆಯಲ್ಲಿ ಸಸಿ ನೆಡದೆ, ಪಕ್ಕದ ಮರಗಳಿಂದ ಉದುರಿದ ಬೀಜ ತಾನಾಗಿ ಮೊಳೆತು ಬೆಳೆಯಲು ನೆಲವನ್ನು ಬಿಟ್ಟುಕೊಡುವವರಿಗೂ ಹಣವುಂಟು. ನೆಡದೆ ಬೆಳೆದದ್ದು ನೆಡುತೋಪು ಹೇಗಾದೀತು? ಅಲ್ಲದೆ ಆ ಪದ ಕೇಳಿದೊಡನೆ ನಮಗೆ ಕಾಣುವುದು ಸಾಲುಸಾಲು ಅಕೇಶಿಯಾ, ನೀಲಗಿರಿ. ಬರಿಯ ‘ತೋಪು’ ಎಂದರೆ ಮಾವಿನ ತೋಪು, ಹುಣಸೆ ತೋಪುಗಳಂತೆ ಫಲಕ್ಕಾಗಿ ಬೆಳೆಸಿದ್ದೆಂದು, ಬೇಡವಾದಾಗ ತೆಗೆದು ಮತ್ತೆ ಉಳಬಹುದೆಂದು ಓದುಗರು ತಿಳಿದಾರು. ಇಂಗ್ಲೆಂಡಿನಲ್ಲಿ ಹಾಗಾಗುವುದಿಲ್ಲ: ಒಮ್ಮೆ ಬೆಳೆದ ಮರಗಳನ್ನು ಕಡಿಯಲು ಸಾಮಾನ್ಯವಾಗಿ ಪರವಾನಗಿ ಬೇಕು, ಕಡಿದ ಜಾಗದಲ್ಲಿ ಮತ್ತೆ ಮರ ಬೆಳೆಸಬೇಕೆಂಬ ಷರತ್ತೂ ಅದರೊಂದಿಗೆ ಬರುತ್ತದೆ. ನಾವು ಆರಿಸುವ ಪದ ರೈತನನ್ನು ಹೆದರಿಸಬಾರದು ನಿಜ, ಆದರೆ ಅವನಿಂದ ಇದನ್ನು ಮುಚ್ಚಿಡಲೂಬಾರದು.

ಹೀಗಾಗಿ ನಾನು ‘ಹಿಡುವಳಿ ಕಾಡು’ ಎಂಬ ಕಡೆಗೆ ವಾಲುತ್ತಿದ್ದೇನೆ. ನೆಟ್ಟದ್ದೂ ತಾನಾಗಿ ಬೆಳೆದದ್ದೂ ‘ಕಾಡು’ ಎಂಬುದರಲ್ಲಿ ಅಡಗುತ್ತವೆ, ನೆಲ ಯಾರದೆಂಬುದನ್ನು ‘ಹಿಡುವಳಿ’ ಹೇಳುತ್ತದೆ. ‘ಲ್ಯಾಂಡ್‌ಓನರ್’ ಎಂಬುದಕ್ಕೂ ‘ಹಿಡುವಳಿದಾರ’ ಎಂದೇ ಬರೆಯುವ ಮನಸ್ಸಿದೆ; ಗೇಣಿದಾರರೂ ಒಡೆಯರ ಒಪ್ಪಿಗೆಯೊಂದಿಗೆ ಅರ್ಜಿ ಹಾಕಬಹುದಾದ್ದರಿಂದ ‘ಭೂಮಾಲೀಕ’ ಎಂದರೆ ಅವರು ಹೊರಗುಳಿಯುತ್ತಾರೆ.

ಎರಡನೆಯ ತೊಡಕು ‘ಗ್ರಾಂಟ್’. ‘ಅನುದಾನ’ ಎಂಬ ಪದ ಸಿದ್ಧವಾಗಿದ್ದರೂ ನಮ್ಮ ಬಳಕೆಯಲ್ಲಿ ಅದು ಹೆಚ್ಚಾಗಿ ಶಾಲೆಗೆ, ಪಂಚಾಯಿತಿಗೆ, ಸಂಘಸಂಸ್ಥೆಗಳಿಗೆ ಬರುವ ಹಣ. ಹನಿ ನೀರಾವರಿಗೆಂದು ರೈತನಿಗೆ ಸಿಗುವುದು ‘ಸಹಾಯಧನ’. ಅದು ಖರ್ಚಿನಲ್ಲಿ ಸರ್ಕಾರ ಹೊರುವ ಪಾಲು. ಇನ್ನು ನಮ್ಮ ‘ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ’ಯಲ್ಲಿ ಸಸಿಯನ್ನು ರಿಯಾಯಿತಿ ದರದಲ್ಲಿ ಕೊಟ್ಟು, ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿಯಂತೆ ಕೊಡುವುದು ‘ಪ್ರೋತ್ಸಾಹಧನ’. ಸಸಿ ಸತ್ತರೆ ಅದರ ಹಣವಿಲ್ಲ. ಖರ್ಚಿಗೆ ಕೊಡುವುದಕ್ಕೂ ಫಲ ಕಂಡ ಮೇಲೆ ಕೊಡುವುದಕ್ಕೂ ಇರುವ ಈ ಭೇದವನ್ನು ಕನ್ನಡ ಇಷ್ಟು ಚೆನ್ನಾಗಿ ಉಳಿಸಿಕೊಂಡಿರುವಾಗ ಎಲ್ಲವನ್ನೂ ‘ಅನುದಾನ’ವೆಂದು ಕಲಸಿಬಿಡುವುದು ನನಗೆ ಸಮ್ಮತವಿಲ್ಲ.

ಇಂಗ್ಲೆಂಡಿನ ಯೋಜನೆಯಲ್ಲಾದರೋ ಮೂರು ಬಗೆಯ ಹಣ ಸೇರಿಕೊಂಡಿದೆ. ಸಸಿ, ಬೇಲಿ ಮುಂತಾದವುಗಳ ಗೊತ್ತುಪಡಿಸಿದ ಖರ್ಚನ್ನು ಕೆಲಸ ಮುಗಿದ ಮೇಲೆ, ಪರಿಷ್ಕೃತ ದರದಂತೆ ಹೆಕ್ಟೇರಿಗೆ 10,200 ಪೌಂಡ್ ಮಿತಿಯೊಳಗೆ ತುಂಬಿಕೊಡುತ್ತಾರೆ; ಇದಕ್ಕೆ ‘ಸಹಾಯಧನ’ ಹೊಂದುತ್ತದೆ. ನೆರೆ ತಗ್ಗಿಸುವ, ಹೊಳೆಯಂಚಿಗೆ ನೆರಳು ಕೊಡುವ ಅಥವಾ ಜನರಿಗೆ ಓಡಾಡಲು ತೆರೆದಿಡುವ ಕಾಡಿಗೆ ಸೇರಿಸಿ ಕೊಡುವ ಹಣವನ್ನು ‘ಪ್ರೋತ್ಸಾಹಧನ’ ಎನ್ನಬಹುದು. ಉಳಿದದ್ದು, ಎಳೆಯ ಕಾಡನ್ನು ನೋಡಿಕೊಳ್ಳಲು 15 ವರ್ಷಗಳ ಕಾಲ ಹೆಕ್ಟೇರಿಗೆ ವರ್ಷಕ್ಕೆ 400 ಪೌಂಡಿನಂತೆ ಕೊಡುವ ಹಣ. ‘ನಿರ್ವಹಣಾ ವೆಚ್ಚ’ ಎಂದರೆ ಕಚೇರಿಯ ಖರ್ಚಿನಂತೆ ಕೇಳಿಸುತ್ತದೆ. ‘ಪೋಷಣಾಧನ’ ಎಂದು ಬರೆದು ನೋಡಿದ್ದೇನೆ, ಅದು ಎಲ್ಲಿಯಾದರೂ ಬಳಕೆಯಲ್ಲಿದೆಯೇ?

ಮಲೆನಾಡು ಮತ್ತು ಕರಾವಳಿಯವರಲ್ಲಿ ಇನ್ನೊಂದು ಕೋರಿಕೆ. ಹಾಡಿ, ಕಾನು, ಬಾಣೆ, ಬೆಟ್ಟ ಎಂಬ ಪದಗಳಲ್ಲಿ ಯಾವುದನ್ನಾದರೂ ನಿಮ್ಮ ಕಡೆ ಸ್ವಂತ ಪಹಣಿಯ ನೆಲದಲ್ಲಿ ಹೊಸದಾಗಿ ಬೆಳೆಸಿದ ಕಾಡಿಗೆ ಹೇಳುವುದುಂಟೇ, ಅಥವಾ ಅವು ಹಿಂದಿನಿಂದ ಇರುವ ಕಾಡಿಗೆ ಮಾತ್ರವೇ? ಮಾತಿನಲ್ಲಿ ಕೇಳಿದ ವಾಕ್ಯವನ್ನೇ ಊರಿನ ಹೆಸರಿನೊಂದಿಗೆ ಬರೆದು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ವಂದನೆಗಳು.