ಕಂಬಳದ ಕೋಣ, ಪ್ಯಾನಿಂಗ್, ಸ್ಟೆಬಿಲೈಸರ್: ಆನ್ ಇರಲಾ, ಆಫ್ ಮಾಡಲಾ?

ಪ್ರಶ್ನೆ: ಮೊನ್ನೆ ಕಂಬಳದಲ್ಲಿ ಕರೆಯ (ಕೋಣ ಓಡುವ ಕೆಸರಿನ ಹಾದಿಯ) ಬದಿ ನಿಂತು 1/40 ಸೆಕೆಂಡಿನ ಶಟರ್ ವೇಗದಲ್ಲಿ ಪ್ಯಾನ್ ಮಾಡಿದೆ, ಅಂದರೆ ಓಡುವ ಕೋಣದ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆದೆ. ಹಿಂದಿನ ಜನ ಗೆರೆಗೆರೆಯಾಗಿ ಚೆನ್ನಾಗಿ ಬಂದಿದ್ದಾರೆ. ಆದರೆ ಕೋಣದ ಮುಖವೂ ಕಲಸಿಹೋಗಿದೆ. ಹಳೆಯ ಕ್ಯಾನನ್ 70-300 ಐಎಸ್ ಲೆನ್ಸ್, ಅದರ ಸ್ಟೆಬಿಲೈಸರ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಆನ್ ಇತ್ತು. ಆಫ್ ಮಾಡಬೇಕಿತ್ತಾ?

ಉತ್ತರ: ಆಫ್ ಬೇಡ. ಆನ್/ಆಫ್ ಸ್ವಿಚ್ಚಿನ ಹತ್ತಿರವೇ 1, 2 ಅಂತ ಇನ್ನೊಂದು ಸ್ವಿಚ್ ಇದೆ, ನೋಡಿ. 1ರಲ್ಲಿ ಅದು ಎಲ್ಲ ದಿಕ್ಕಿನ ಅಲುಗಾಟವನ್ನೂ ತಡೆಯುತ್ತದೆ. ನೀವು ಬೇಕೆಂದೇ ಪಕ್ಕಕ್ಕೆ ತಿರುಗಿಸಿದರೂ ಕೈ ನಡುಗಿತು ಅಂದುಕೊಂಡು ಹಿಂದಕ್ಕೆ ಎಳೆಯುತ್ತದೆ. ವ್ಯೂಫೈಂಡರಿನಲ್ಲಿ ಚಿತ್ರ ಮೊದಲು ಅಂಟಿಕೊಂಡಂತಾಗಿ, ಆಮೇಲೆ ಧಡಕ್ಕನೆ ಜಿಗಿಯುವುದು ಇದಕ್ಕೇ. 2ಕ್ಕೆ ಹಾಕಿದರೆ ಅಡ್ಡ ಚಲನೆಯನ್ನು ಅದರ ಪಾಡಿಗೆ ಬಿಟ್ಟು, ಮೇಲೆ-ಕೆಳಗಿನ ನಡುಕ ಮಾತ್ರ ಹಿಡಿಯುತ್ತದೆ.

ಒಂದು ಕೆಲಸ ಮಾಡಿ. ಫೋಟೋ ಜೂಮ್ ಮಾಡಿ ಕೋಣದ ಮೈಮೇಲಿನ ಯಾವುದಾದರೂ ಹೊಳೆಯುವ ಕೆಸರಿನ ಹನಿ ಹುಡುಕಿ. ಅದು ಅಡ್ಡ ಗೆರೆಯಾಗಿದ್ದರೆ ನಿಮ್ಮ ತಿರುಗು ಕೋಣದ ವೇಗಕ್ಕೆ ಕೂಡಿಲ್ಲ, ಇಲ್ಲವೇ 1ರ ಕಿತಾಪತಿ. ಮೇಲಿನಿಂದ ಕೆಳಕ್ಕೆ ಉದ್ದ ಗೆರೆಯಾಗಿದ್ದರೆ ಕೈ ನಡುಕ, ಅಥವಾ ಕೋಣವೇ ಕುಣಿದದ್ದು. ಕೋಣ ಕುಣಿದರೆ ಯಾವ ಸ್ಟೆಬಿಲೈಸರ್ ಏನು ಮಾಡೀತು ಹೇಳಿ! ತಲೆ ಜಾಸ್ತಿ ಎಗರಿಸುವ ಜೋಡಿಗೆ ನಾನು 1/80ಕ್ಕೆ ಏರಿಸುತ್ತೇನೆ.

ಇನ್ನೊಂದು ಉತ್ತರ: ನನ್ನದು ನಿಕಾನ್. ಅದರ ಸ್ಟೆಬಿಲೈಸರ್ ಸ್ವಿಚ್ ನಾರ್ಮಲ್‌ನಲ್ಲಿಟ್ಟರೆ ಪ್ಯಾನಿಂಗ್ ಅಂತ ಅದೇ ಗುರುತಿಸುತ್ತದೆ. ಆಕ್ಟಿವ್ ಹಾಕಬೇಡಿ, ಅದು ಓಡುವ ಗಾಡಿಯಲ್ಲಿ ಕೂತು ತೆಗೆಯುವವರಿಗೆ. ಕೋಣ ಎದುರಿಗೆ ಬಂದ ಮೇಲೆ ಬಟನ್ ಒತ್ತಿದರೆ ಸ್ಟೆಬಿಲೈಸರ್ ನೆಲೆಗೊಳ್ಳಲು ಹೊತ್ತೇ ಸಿಗುವುದಿಲ್ಲ. ಹೊರಡುವಾಗಲೇ ಅರ್ಧ ಒತ್ತಿ ಹಿಂಬಾಲಿಸಿ. ಓಡಿಸುವವನು ದಾಟಿ ಹೋದ ಮೇಲೂ ತಿರುಗುತ್ತಲೇ ಇರಿ.

ಮತ್ತೊಂದು: ನಾನು ಆಫ್ ಪಕ್ಷ. ಮಾನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಇದೆ, ಸಾಕು. ಬಿಸಿಲಲ್ಲಿ ಬೆಳಕು ತಗ್ಗಿಸಲು ಐಎಸ್‌ಒ 100, ಎಫ್ 16 ಹಾಕಿದರೂ 1/40ಕ್ಕೆ ಬೆಳಕು ಜಾಸ್ತಿಯಾಗುತ್ತದೆ, ಲೆನ್ಸ್ ಮುಂದೆ ಹಾಕುವ ಕಪ್ಪು ಗಾಜಿನಂಥ ಎನ್‌ಡಿ ಫಿಲ್ಟರ್ ಇದ್ದರೆ ಒಳ್ಳೆಯದು. ರಾತ್ರಿ ಫ್ಲಡ್‌ಲೈಟ್ ಓಟಕ್ಕೆ ಆ ರಗಳೆ ಇಲ್ಲ. ಕಂಬಳ ಬರುವವರೆಗೆ ಸುಮ್ನೆ ಮನೆ ಮುಂದಿನ ಸ್ಕೂಟರ್‌ಗಳ ಮೇಲೆ ಕೈ ಪಳಗಿಸಿ.

ಕೇಳಿದವರು: ಸ್ವಿಚ್ ಸಿಕ್ಕಿತು. ಲೆನ್ಸ್ ಕೊಂಡ ದಿನದಿಂದ 1ರಲ್ಲೇ ಇದೆ, ಮೇಲೆ ಕೆಸರು ಬೇರೆ ಒಣಗಿದೆ. ಜೂಮ್ ಮಾಡಿ ನೋಡಿದೆ, ಹನಿಗಳೆಲ್ಲ ಅಡ್ಡ ಗೆರೆ. ಒಂದರಲ್ಲಿ ಮಾತ್ರ ಉದ್ದ ಗೆರೆ. ಅದರಲ್ಲಿ ನಾನೇ ಕಾಲು ಜಾರಿದ್ದೆ.